ಸುಳ್ಳೇ ಹೇಳದ ಎಲಿಜಬೆತ್ ಆವತ್ತು ಯಾಕೆ ಸುಳ್ಳು ಹೇಳಿದ್ಲು?

ಓದುಗರ ಪ್ರಶ್ನೆ, ರಂಗದ ಉತ್ತರ

ಡೊಂಬಿವಲಿಯ ಒಂದು ಹವ್ಯಾಸಿ ತಂಡ 'ದಿ ಕ್ರೂಸಿಬಲ್' ನಾಟಕವನ್ನ ಕನ್ನಡಕ್ಕೆ ತಂದು ರಿಹರ್ಸಲ್ ಶುರು ಮಾಡಿದೆ ಅಂತ ಕಳೆದ ಸಲ ಎರಡೇ ಸಾಲು ಬರೆದಿದ್ದೆ, ಅಷ್ಟಕ್ಕೇ ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ನಾಟಕದ ಬಗ್ಗೆ. ಆಡ್ತಿರೋರೂ ಬರೆದಿದಾರೆ, ಎಲ್ಲೋ ನೋಡಿ ಬಂದು ತಲೆ ಕೆಡಿಸ್ಕೊಂಡೋರೂ ಬರೆದಿದಾರೆ. ಮೇಕಪ್ಪು, ಲೈಟಿಂಗ್ ಬಗ್ಗೆ ಕೇಳಿರೋರು ದಯವಿಟ್ಟು ಮುಂದಿನ ತಿಂಗಳ ತನಕ ಕಾಯಿರಿ, ಈ ಸಲ ಪೂರ್ತಿ ಜಾಗ ಈ ನಾಟಕಕ್ಕೇ ಕೊಡ್ತೀನಿ.

ನಾಟಕ ಓದದೇ ಇರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಆರ್ಥರ್ ಮಿಲ್ಲರ್ ಬರೆದಿದ್ದು, ಮೊದಲ ಪ್ರಯೋಗ ಆಗಿದ್ದು 1953ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ. ಕಥೆ ನಡೆಯೋದು 1692ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಅನ್ನೋ ಊರಲ್ಲಿ. ಅಲ್ಲಿರೋರು ಪ್ಯೂರಿಟನ್‌ರು, ಕುಣಿತ ಬೇಡ ನಾಟಕ ಬೇಡ ಕ್ರಿಸ್‌ಮಸ್ ಹಬ್ಬ ಕೂಡ ಬೇಡ ಅನ್ನೋಷ್ಟು ಕಟ್ಟುನಿಟ್ಟಿನ ಕ್ರೈಸ್ತರು. ಅಂಥಾ ಊರಲ್ಲಿ ಕೆಲವು ಹುಡುಗೀರು ರಾತ್ರಿ ಕಾಡಲ್ಲಿ ಕುಣೀತಾ ಸಿಕ್ಕಿಬೀಳ್ತಾರೆ, ಚಾಟಿ ಏಟು ತಪ್ಪಿಸ್ಕೊಳ್ಳೋಕೆ ನಮಗೆ ಯಾರೋ ಮಾಟ ಮಾಡಿದಾರೆ ಅಂತಾರೆ, ಹೆಸರು ಕೇಳಿದ್ರೆ ಹೆಸರು ಹೇಳ್ತಾರೆ, ಅಲ್ಲಿಂದ ಕೋರ್ಟು, ಜೈಲು, ನೇಣು. ಆ ಹುಡುಗೀರ ಮುಂದಾಳು ಅಬಿಗೇಲ್, ಮುಂಚೆ ಪ್ರಾಕ್ಟರ್ ಅನ್ನೋ ರೈತನ ಮನೇಲಿ ಕೆಲಸಕ್ಕಿದ್ಲು, ಅವನ ಜೊತೆ ಸಂಬಂಧ ಇತ್ತು ಅಂತ ಅವನ ಹೆಂಡತಿ ಎಲಿಜಬೆತ್ ಅವಳನ್ನ ಹೊರಗೆ ಹಾಕಿದ್ಲು. ಈಗ ಅಬಿಗೇಲ್ ಎಲಿಜಬೆತ್ ಹೆಸರನ್ನೇ ಹೇಳ್ತಾಳೆ, ಆಮೇಲೆ ಪ್ರಾಕ್ಟರೂ ಜೈಲಿಗೆ ಹೋಗ್ತಾನೆ. ಇದು ಬರೀ ಕಟ್ಟುಕತೆ ಅಂದ್ಕೋಬೇಡಿ, ನಿಜವಾದ ಸೇಲಂ ವಿಚಾರಣೆಯಲ್ಲಿ 19 ಜನರನ್ನ ನೇಣಿಗೆ ಹಾಕಿದ್ರು, ಒಬ್ಬ ಮುದುಕನನ್ನ ಎದೆ ಮೇಲೆ ಕಲ್ಲು ಹೇರಿ ಕೊಂದ್ರು, ಕನಿಷ್ಠ 5 ಜನ ಜೈಲಲ್ಲೇ ಸತ್ರು. ಇನ್ನೊಂದು ವಿಷಯ ಚೆನ್ನಾಗಿ ನೆನಪಿಟ್ಕೊಳ್ಳಿ, ಮುಂದೆ ಪ್ರತಿ ಉತ್ತರದಲ್ಲೂ ಬೇಕಾಗುತ್ತೆ: ಹೌದು ನಾನು ಮಾಟಗಾತಿ ಅಂತ ಒಪ್ಕೊಂಡೋರಿಗೆ ಜೀವ ಉಳೀತು, ನಾನಲ್ಲ ಅಂತ ಸತ್ಯ ಹೇಳಿದೋರು ನೇಣಿಗೆ ಹೋದ್ರು.

* * *

ಅಕ್ಕಾ, ನಾನು ಅಬಿಗೇಲ್ ಪಾತ್ರ ಮಾಡ್ತಿದೀನಿ. ಅವಳಿಗೆ ಪ್ರಾಕ್ಟರ್ ಮೇಲೆ ಹುಚ್ಚು ಪ್ರೀತಿ, ಅದಕ್ಕೇ ಇಷ್ಟೆಲ್ಲ ಮಾಡ್ತಾಳೆ, ಅದೊಂದನ್ನೇ ಹಿಡ್ಕೋ ಅಂತಾರೆ ನಮ್ ಡೈರೆಕ್ಟರ್ ಸರ್. ನನಗ್ಯಾಕೋ ಅದು ಸಾಲ್ತಿಲ್ಲ ಅನ್ಸುತ್ತೆ. ಸರ್ ಹತ್ರ ಹೇಳೋಕೆ ಧೈರ್ಯ ಇಲ್ಲ.
ಓದುಗಿ, ಡೊಂಬಿವಲಿ

ನಿನಗೆ ಸಾಲ್ತಿಲ್ಲ ಅನ್ಸಿದ್ದು ಸರಿಯಾಗೇ ಇದೆ ತಂಗೀ, ಆ ಅನಿಸಿಕೆನ ಬಿಡಬೇಡ. ನಿಮ್ಮ ಸರ್ ಹೇಳಿದ್ದೂ ತಪ್ಪಲ್ಲ, ಅವಳಿಗೆ ಪ್ರಾಕ್ಟರ್ ಬೇಕು, ಅವನ ಹೆಂಡತಿ ಸಾಯ್ಲಿ ಅಂತ ಕಾಡಲ್ಲಿ ರಕ್ತ ಕುಡಿದಿದಾಳೆ, ಅದು ಮೊದಲನೇ ಅಂಕದಲ್ಲೇ ಹೊರಗೆ ಬರುತ್ತೆ. ಆದ್ರೆ ಬರೀ ಪ್ರೀತಿ ಅಂತ ಹಿಡ್ಕೊಂಡ್ರೆ ಒಂದು ಕಡೆ ಸಿಕ್ಕಾಕೋತೀಯ, ಯಾಕಂದ್ರೆ ನಾಲ್ಕನೇ ಅಂಕದ ಹೊತ್ತಿಗೆ ಅವಳು ಮಾವ ಪ್ಯಾರಿಸ್‌ನ ಪೆಟ್ಟಿಗೆ ಒಡೆದು 31 ಪೌಂಡ್ ದುಡ್ಡು ತಗೊಂಡು ಊರೇ ಬಿಟ್ಟು ಓಡಿಹೋಗಿರ್ತಾಳೆ, ಪ್ರಾಕ್ಟರ್ ಇನ್ನೂ ಜೈಲಲ್ಲಿರೋವಾಗಲೇ. ಅಷ್ಟು ಹುಚ್ಚು ಪ್ರೀತಿ ಇದ್ದೋಳು ಹಾಗೆ ಹೋಗ್ತಾಳಾ?

ಅವಳ ಹಿಂದಿನ ಬದುಕನ್ನ ಒಂದ್ಸಲ ಕೂತ್ಕೊಂಡು ನೋಡು. ಅಪ್ಪ ಅಮ್ಮ ಇಲ್ಲ, ಅವರನ್ನ ಕೊಂದಿದ್ದು ಪಕ್ಕದ ದಿಂಬಿನಲ್ಲಿ ಮಲಗಿದ್ದ ಇವಳ ಕಣ್ಣೆದುರೇ. ಇರೋದು ಮಾವನ ಹಂಗಿನಲ್ಲಿ. ಪ್ರಾಕ್ಟರ್ ಮನೆ ಕೆಲಸದಿಂದ ಹೊರಗೆ ಹಾಕಿ ಏಳು ತಿಂಗಳಾಗಿದೆ, ಆಮೇಲೆ ಊರಲ್ಲಿ ಯಾರೂ ಕೆಲಸಕ್ಕೆ ಕರೆದಿಲ್ಲ, ಯಾಕೆ ಕರೀತಿಲ್ಲ ಅಂತ ಮಾವ ಮೊದಲ ದೃಶ್ಯದಲ್ಲೇ ಕೇಳ್ತಾನೆ, ಊರಲ್ಲಿ ನಿನ್ನ ಹೆಸರು ಶುದ್ಧ ಇದೆ ತಾನೇ ಅಂತ. ಇಲ್ಲಿ ಮುಂಬೈಯಲ್ಲಿ ಸಂಬಂಧಿಕರ ಮನೇಲಿದ್ದು ಓದಿದ ಹುಡುಗೀರನ್ನ ಕೇಳು, ಚಾಳಲ್ಲಿ ಒಂದು ಮಾತು ಎದ್ರೆ ಆ ಮನೆ ಅನ್ನದ ತಟ್ಟೆ ಹೇಗೆ ಭಾರ ಆಗುತ್ತೆ ಅಂತ ಅವರು ಹೇಳ್ತಾರೆ. ಆ ಭಯದಿಂದ ಶುರು ಮಾಡು, ಪ್ರೀತಿ ತಾನಾಗೇ ಅದರೊಳಗೆ ಬರುತ್ತೆ, ಯಾಕಂದ್ರೆ ಇಡೀ ಊರಲ್ಲಿ ಅವಳನ್ನ ಒಂದು ಮನುಷ್ಯಳು ಅಂತ ನೋಡಿದ್ದು ಅವನೊಬ್ಬನೇ.

ಮೊದಲ ಅಂಕದ ಕೊನೇಲಿ ಟಿಟೂಬಾನ ಹೆದರಿಸ್ತಾರಲ್ಲ, ಆ ಹೊತ್ತಲ್ಲಿ ನಿನಗೆ ಡೈಲಾಗ್ ಇಲ್ಲ, ಆದ್ರೆ ಪಾತ್ರ ಹುಟ್ಟೋದು ಅಲ್ಲೇ ಅಂತ ನನ್ನ ಅಭಿಪ್ರಾಯ. ಟಿಟೂಬಾ ಗುಲಾಮಳು, ಒಂದು ಕ್ಷಣದ ಹಿಂದೆ ಅವಳನ್ನ ಹೊಡೆದು ಸಾಯಿಸ್ತೀನಿ ಅಂತಿದ್ರು, ಅವಳು ಹೂಂ ಸೈತಾನ ಬಂದಿದ್ದ ಅಂದ ತಕ್ಷಣ ಪಾದ್ರಿ ಹೇಲ್ ಅವಳ ಕೈ ಹಿಡ್ಕೋತಾನೆ, ಮೆತ್ತಗೆ ಮಾತಾಡ್ತಾನೆ, ದೇವರು ನಿನ್ನನ್ನ ಆರಿಸಿದಾನೆ ಅಂತಾನೆ. ಇದನ್ನೆಲ್ಲ ನೀನು ಮೂಲೇಲಿ ನಿಂತು ನೋಡ್ತಿರ್ತೀಯ. ಊರಲ್ಲಿ ಎಲ್ಲರಿಗಿಂತ ಕೆಳಗಿರೋಳು ಒಂದೇ ಮಾತಿನಿಂದ ಎಲ್ಲರಿಗಿಂತ ಮೇಲೆ ಹೋದ್ಲು! ನಿನ್ನ ಕಣ್ಣು ಟಿಟೂಬಾಳ ಕೈ ಮೇಲಿರ್ಲಿ, ಹೇಲ್ ಹಿಡ್ಕೊಂಡಿರೋ ಆ ಕೈ ಮೇಲೆ, ಆಮೇಲೆ ನೀನು ನಾನೂ ಹೇಳ್ತೀನಿ ಅಂತ ಮುಂದೆ ಬಂದಾಗ ಅದು ನಾಟಕ ಅಂತಾನೂ ಅನ್ಸಲ್ಲ ಸುಳ್ಳು ಅಂತಾನೂ ಅನ್ಸಲ್ಲ, ಹಸಿದೋಳು ಅನ್ನಕ್ಕೆ ಕೈ ಚಾಚಿದ ಹಾಗೆ ಇರುತ್ತೆ. ಸರ್ ಹತ್ರ ವಾದ ಮಾಡೋಕೆ ಹೋಗಬೇಡ, ಒಂದಿನ ಹೀಗೆ ಮಾಡಿ ತೋರ್ಸು ಸಾಕು.

ಇನ್ನೊಂದು, ಇತಿಹಾಸ ಓದಿ ಗೊಂದಲ ಮಾಡ್ಕೋಬೇಡ. ನಿಜವಾದ ಅಬಿಗೇಲ್‌ಗೆ ಆಗ 11ರಿಂದ 12 ವಯಸ್ಸು, ಪ್ರಾಕ್ಟರ್‌ಗೆ 60ರ ಆಸುಪಾಸು, ಅವರಿಬ್ಬರ ಮಧ್ಯೆ ಸಂಬಂಧ ಇತ್ತು ಅನ್ನೋಕೆ ಯಾವ ದಾಖಲೆಯೂ ಇಲ್ಲ. ಅವಳನ್ನ 17ಕ್ಕೆ ಏರಿಸಿ ಅವನನ್ನ ಮೂವತ್ತರ ಹರೆಯಕ್ಕೆ ಇಳಿಸಿದ್ದು ಮಿಲ್ಲರ್, ನಾಟಕಕ್ಕೋಸ್ಕರ. ನೀನು ಆಡ್ತಿರೋದು ಮಿಲ್ಲರ್ ಬರೆದ ಹುಡುಗಿನ.

* * *

ನಮಸ್ಕಾರ. ನಾನು ಹೋಟೆಲ್ ಲೈನಲ್ಲಿ 30 ವರ್ಷ ಕಳೆದವ, ನಾಟಕದ ಹುಚ್ಚು ಮಾತ್ರ ಬಿಡ್ಲಿಲ್ಲ. ಈ ಪ್ರಾಕ್ಟರ್ ಮಾಡಿದ್ದು ಶುದ್ಧ ಮೂರ್ಖತನ ಅಂತ ನನಗೆ ಕಾಣ್ತದೆ. ಹೆಂಡತಿ ಬಸುರಿ, ಮೂವರು ಗಂಡುಮಕ್ಕಳು ಉಂಟು, ಒಂದು ಸುಳ್ಳು ಕಾಗದಕ್ಕೆ ಸೈನ್ ಹಾಕಿದ್ರೆ ಜೀವ ಉಳೀತಿತ್ತು. ಸೈನ್ ಹಾಕಿಯೂ ಆಯ್ತು, ಆಮೇಲೆ ಹರಿದು ಹಾಕೋದು ಯಾಕೆ? ಮರ್ಯಾದೆ ಅಂತ ಸಾಯ್ತಾರಾ?
ಓದುಗರು, ಘಾಟ್‌ಕೋಪರ್

ಅಣ್ಣಾ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಅದನ್ನೇ ಯೋಚನೆ ಮಾಡ್ತಿದ್ದೆ, ಯಾಕಂದ್ರೆ ಸಂಸಾರ ಹೊತ್ತೋರು ಕೇಳೋ ಪ್ರಶ್ನೆ ಇದು, ಇದಕ್ಕೆ ಧ್ಯೇಯ ಆದರ್ಶ ಅಂತ ಭಾಷಣದ ಉತ್ತರ ಕೊಟ್ರೆ ನಿಮಗೆ ಅವಮಾನ ಮಾಡಿದ ಹಾಗೆ.

ಮರ್ಯಾದೆಗೋಸ್ಕರ ಸತ್ತ ಅಂತ ಬಹಳ ಜನ ಹೇಳ್ತಾರೆ. ನಾನು ಒಪ್ಪಲ್ಲ. ಮೂರನೇ ಅಂಕ ನೆನಪು ಮಾಡ್ಕೊಳ್ಳಿ, ತುಂಬಿದ ಕೋರ್ಟಲ್ಲಿ, ನಾನು ಈ ಹುಡುಗಿ ಜೊತೆ ಮಲಗಿದ್ದೆ ಅಂತ ತಾನೇ ಬಾಯಿಬಿಟ್ಟು ಹೇಳ್ತಾನೆ, ಹೆಂಡತಿನ ಉಳಿಸೋಕೆ. ಒಬ್ಬ ಮರ್ಯಾದಸ್ಥ ಪ್ಯೂರಿಟನ್ ರೈತನಿಗೆ ಅದಕ್ಕಿಂತ ಮಾನ ಹೋಗೋ ಮಾತು ಇನ್ಯಾವುದಿದೆ ಹೇಳಿ, ಮರ್ಯಾದೆನ ಅವನು ಅಲ್ಲೇ ಬಿಟ್ಟಾಯ್ತು. ಹಾಗಿದ್ರೆ ನಾಲ್ಕನೇ ಅಂಕದಲ್ಲಿ ನನ್ನ ಹೆಸರು ನನ್ನ ಹೆಸರು ಅಂತ ಕಿರುಚೋದು ಯಾವ ಹೆಸರಿಗೆ?

ಇಲ್ಲಿ ಅವನು ಮಾಡೋ ಕೆಲಸಗಳನ್ನ ಒಂದೊಂದಾಗಿ ನೋಡಿ. ಮೊದಲು ಬಾಯಿಮಾತಲ್ಲಿ ಒಪ್ಕೋತಾನೆ, ಸೈತಾನನ್ನ ನೋಡ್ದೆ ಅಂತ. ಅದು ಸುಳ್ಳು, ಹೇಳಿಬಿಡ್ತಾನೆ, ನಾನೇನು ಸಂತ ಅಲ್ಲ, ಸಂತರ ಹಾಗೆ ಸಾಯೋ ಯೋಗ್ಯತೆ ನನಗಿಲ್ಲ ಅನ್ನೋದು ಅವನ ಮನಸ್ಸಿನ ಲೆಕ್ಕ. ಆಮೇಲೆ ಜೈಲಲ್ಲಿರೋ ಬೇರೆ ಹೆಂಗಸರ ಬಗ್ಗೆ ಕೇಳ್ತಾರೆ, ರೆಬೆಕ್ಕಾ ನರ್ಸ್‌ನ ಸೈತಾನನ ಜೊತೆ ನೋಡಿದ್ಯಾ, ಮಾರ್ಥಾ ಕೋರಿನ ನೋಡಿದ್ಯಾ. ಅದಕ್ಕೆ ಇಲ್ಲ ಅಂತಾನೆ, ನನ್ನ ಪಾಪ ನಾನು ಹೇಳ್ತೀನಿ, ಬೇರೆಯವರದ್ದು ನನ್ನ ಕೈಯಲ್ಲಿಲ್ಲ ಅಂತಾನೆ. ಇದನ್ನ ಅವರು ಕಷ್ಟಪಟ್ಟು ಸಹಿಸ್ಕೋತಾರೆ. ಆಮೇಲೆ ಸೈನು, ಅದನ್ನೂ ಹಾಕ್ತಾನೆ. ಆದ್ರೆ ಆ ಕಾಗದ ಕೈ ಬಿಟ್ಟು ಹೋಗೋ ಹೊತ್ತಿಗೆ ಅವನಿಗೆ ಗೊತ್ತಾಗುತ್ತೆ ಅದನ್ನ ಚರ್ಚಿನ ಬಾಗಿಲಿಗೆ ಅಂಟಿಸ್ತಾರೆ ಅಂತ. ಅಂದ್ರೆ ಅದೇ ಬೆಳಿಗ್ಗೆ ನೇಣಿಗೆ ಹೋಗೋ ರೆಬೆಕ್ಕಾ ನರ್ಸ್, ಆ ಹಣ್ಣು ಮುದುಕಿ, ಅವಳು ಸುಳ್ಳಿ ಅನ್ನೋಕೆ ಇವನ ಸೈನೇ ಸಾಕ್ಷಿ ಆಗುತ್ತೆ. ನೋಡಿ ಪ್ರಾಕ್ಟರ್‌ನಂಥ ಪ್ರಾಕ್ಟರ್ರೇ ಒಪ್ಕೊಂಡ, ಇವಳದ್ದೇನು ಹಟ ಅಂತ ಊರು ಹೇಳುತ್ತೆ. ಅವನಿಗೆ ಬೇಡವಾಗಿದ್ದು ಅದು. ಮೂವರು ಗಂಡುಮಕ್ಕಳು ಅಂದ್ರಲ್ಲ, ಅವನೂ ಅದೇ ಮಕ್ಕಳ ಹೆಸರು ಎತ್ತಿ ಹೇಳ್ತಾನೆ, ಸ್ನೇಹಿತರನ್ನ ಮಾರ್ಕೊಂಡೋನು ಅವರಿಗೆ ಗಂಡಸಾಗಿ ಬದುಕೋದನ್ನ ಹೇಗೆ ಕಲಿಸ್ಲಿ ಅಂತ.

ನಿಮ್ಮ ಹೋಟೆಲ್ ಲೈನಲ್ಲೇ ಯೋಚಿಸಿ ಅಣ್ಣಾ. ಗಲ್ಲಾದಲ್ಲಿ ದುಡ್ಡು ಕಡಿಮೆ ಬಂತು ಅಂತ ಧಣಿ ನಾಲ್ಕು ಹುಡುಗರನ್ನ ನಿಲ್ಲಿಸ್ತಾರೆ, ಯಾರೂ ತಗೊಂಡಿಲ್ಲ, ಒಪ್ಕೊಂಡೋನಿಗೆ ಕೆಲಸ ಉಳಿಯುತ್ತೆ ಅಂತಾರೆ. ಒಬ್ಬ ಹೊಟ್ಟೆಪಾಡಿಗೆ ನಾನೇ ತಗೊಂಡೆ ಅಂದ, ಸರಿ ಪಾಪ ಅನ್ನಿ. ನೀನೊಬ್ನೇ ಹೇಗೆ ತಗೊಳ್ತಿ, ಇವರೂ ಸೇರಿದ್ರು ಅಂತ ಬರೆದು ಕೊಡು, ಗೋಡೆಗೆ ಅಂಟಿಸ್ತೀನಿ ಅಂದ್ರೆ? ಅಲ್ಲಿ ಕೈ ನಡುಗೋ ಹುಡುಗರನ್ನ ನೀವು 30 ವರ್ಷದಲ್ಲಿ ನೋಡಿರ್ತೀರಿ ಅಂತ ನನಗೆ ನಂಬಿಕೆ ಇದೆ.

ನಿಜವಾದ ಪ್ರಾಕ್ಟರ್ ಏನೂ ಒಪ್ಪಲೇ ಇಲ್ಲ. 1692ರ ಜುಲೈನಲ್ಲಿ ಜೈಲಿಂದಲೇ ಬಾಸ್ಟನ್ನಿನ ಪಾದ್ರಿಗಳಿಗೆ ಮನವಿ ಬರೆದ, ನನ್ನ ಮಗನನ್ನ ಕತ್ತು ಹಿಮ್ಮಡಿ ಸೇರಿಸಿ ಕಟ್ಟಿ ಮೂಗಲ್ಲಿ ರಕ್ತ ಬರೋ ತನಕ ಬಿಟ್ಟಿದ್ರು, ಹೀಗೇ ತಪ್ಪೊಪ್ಪಿಗೆ ತಗೋತಿದಾರೆ ಅಂತ. ಆಗಸ್ಟ್ 19ಕ್ಕೆ ಅವನನ್ನ ನೇಣಿಗೆ ಹಾಕಿದ್ರು. ಇನ್ನು ನಾಟಕ ಬರೆದ ಮಿಲ್ಲರ್‌ಗೂ ಇದೇ ಪರೀಕ್ಷೆ ಬಂತು, ಅದೂ ನಾಟಕ ಬರೆದಾದ ಮೇಲೆ. 1956ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಅವನನ್ನ ಕರೆಸಿ ಕಮ್ಯುನಿಸ್ಟ್ ಮೀಟಿಂಗಲ್ಲಿ ಯಾರ್ಯಾರಿದ್ರು ಹೆಸರು ಹೇಳು ಅಂತು, ನನ್ನ ಬಗ್ಗೆ ಕೇಳಿ ಹೇಳ್ತೀನಿ, ಬೇರೆಯವರ ಹೆಸರು ಹೇಳಲ್ಲ ಅಂದ. 1957ರಲ್ಲಿ ಶಿಕ್ಷೆ ಆಯ್ತು, 1958ರಲ್ಲಿ ಮೇಲಿನ ಕೋರ್ಟು ಅದನ್ನ ರದ್ದು ಮಾಡ್ತು. ಮೂರು ವರ್ಷದ ಹಿಂದೆ ಪ್ರಾಕ್ಟರ್ ಬಾಯಲ್ಲಿ ಬರೆದ ಮಾತನ್ನ ಅವನು ತನ್ನ ಬಾಯಲ್ಲೇ ಹೇಳಬೇಕಾಯ್ತು. ನನಗೆ ಈ ವಿಷಯ ನೆನಪಾದಾಗೆಲ್ಲ ಮೈ ಜುಂ ಅನ್ನುತ್ತೆ.

* * *

ನಮಸ್ಕಾರ್ರಿ ಮೇಡಂ. ನಾ ಪುಣೆದಾಗ ಸಾಲಿ ಟೀಚರ್ ಅದೀನಿ, ಮೂಲ ಧಾರವಾಡ ಕಡೆಯಾಕಿ. ಎಲಿಜಬೆತ್ ಜಲ್ಮದಾಗ ಸುಳ್ಳ ಹೇಳಿಲ್ಲ ಅಂತ ಗಂಡನ ಕೋರ್ಟಿನ್ಯಾಗ ಹೇಳ್ತಾನ, ಅಂಥಾಕಿ ಅದss ಒಂದ ಪ್ರಶ್ನೆಗೆ ಸುಳ್ಳ ಯಾಕ ಹೇಳಿದ್ಲರಿ? ಮತ್ತ ಆಕಿ ತಣ್ಣನ ಹೆಂಗಸು, ಗಂಡ ಹಾದಿ ತಪ್ಪಲಿಕ್ಕೆ ಆಕೀನ ಕಾರಣ ಅಂತಾರಲ್ಲ, ನನಗ ಭಾಳ ಸಿಟ್ಟ ಬರ್ತದ.
ಓದುಗಿ, ಪುಣೆ

ನಿಮ್ಮ ಸಿಟ್ಟಿನಲ್ಲಿ ನನಗೂ ಪಾಲಿದೆ ಟೀಚರ್. ಎಷ್ಟೋ ವರ್ಷದ ಹಿಂದೆ ನಾನೂ ಎಲಿಜಬೆತ್ ಮಾಡಿದೀನಿ, ಮುಲುಂಡ್‌ನ ಒಂದು ಸ್ಕೂಲಿನ ಕ್ಲಾಸ್‌ರೂಮಲ್ಲಿ ರಾತ್ರಿ 8ರ ಮೇಲೆ ರಿಹರ್ಸಲ್, ಎಲ್ಲರೂ ಆಫೀಸಿಂದ ಸೀದಾ ಬರೋರು. ಕೋರ್ಟಿನ ದೃಶ್ಯ ನಿಮಗೆ ಗೊತ್ತಲ್ಲ, ಅವಳನ್ನ ಒಳಗೆ ಕರೆಸೋಕೆ ಮುಂಚೆ ನ್ಯಾಯಾಧೀಶ ಡ್ಯಾನ್‌ಫೋರ್ತ್ ಪ್ರಾಕ್ಟರ್‌ಗೂ ಅಬಿಗೇಲ್‌ಗೂ ಬೆನ್ನು ತಿರುಗಿಸಿ ನಿಲ್ಲೋಕೆ ಹೇಳ್ತಾನೆ, ಕಣ್ಸನ್ನೆ ಮಾಡ್ಬಾರ್ದು ಅಂತ. ಹಾಗಾಗಿ ನಾನು ಬಾಗಿಲಿಂದ ಒಳಗೆ ಬಂದ್ರೆ ನನಗೆ ಕಾಣ್ತಿದ್ದಿದ್ದು ಪ್ರಾಕ್ಟರ್ ಮಾಡ್ತಿದ್ದೋರ ಬೆನ್ನು ಮಾತ್ರ, ಬೆವರಿಗೆ ಅಂಟಿಕೊಂಡ ಆಫೀಸ್ ಶರ್ಟು, ಕಾಲರ್ ಕೆಳಗೆ ಲೋಕಲ್ ಟ್ರೇನಲ್ಲಿ ಒರಗಿ ಆದ ಕಪ್ಪು ಗೆರೆ. ಆ ಬೆನ್ನು ನೋಡಿಯೇ ಉತ್ತರ ಹುಡುಕ್ಬೇಕು. ಇವರು ಏನು ಹೇಳಿದಾರೆ? ಹೇಳಿದಾರಾ ಇಲ್ವಾ? ಭುಜ ಯಾಕೆ ಹೀಗಿದೆ? ಮೊದಲ ಕೆಲವು ದಿನ ನಾನು ಡೈಲಾಗ್ ಗಟ್ಟಿ ಹೇಳ್ತಿದ್ದೆ, ಒಂದಿನ ಆ ಬೆನ್ನು ನೋಡ್ತಾ ನೋಡ್ತಾ ನಿಜವಾಗ್ಲೂ ಮಾತು ನಿಂತುಹೋಯ್ತು, ಆವತ್ತು ಪಾತ್ರ ಸಿಕ್ತು.

ಕೇಳ್ತಾರೆ, ಅಬಿಗೇಲ್‌ನ ಕೆಲಸದಿಂದ ಯಾಕೆ ತೆಗೆದೆ. ಅವಳು ಸುತ್ತಿ ಬಳಸಿ ಮಾತಾಡ್ತಾಳೆ, ನನಗೆ ಹುಷಾರಿರಲಿಲ್ಲ, ನನ್ನ ಗಂಡ ಆ ಹುಡುಗಿನ ಮೆಚ್ಕೊಂಡ್ರೇನೋ ಅಂತ ನನಗೇ ಅನುಮಾನ ಬಂತು ಅಂತ ತಪ್ಪನ್ನೆಲ್ಲ ತನ್ನ ಮೇಲೇ ಎಳ್ಕೋತಾಳೆ. ಕೊನೆಗೆ ನೇರವಾಗಿ ನಿನ್ನ ಗಂಡ ಜಾರನಾ ಅಂತ ಕೇಳಿದ್ರೆ ತುಂಬಾ ಮೆತ್ತಗೆ, ಇಲ್ಲ ಸ್ವಾಮಿ ಅಂತಾಳೆ. ಅವಳನ್ನ ಹೊರಗೆ ಕರ್ಕೊಂಡು ಹೋಗೋವಾಗ ಗಂಡ ಕೂಗ್ತಾನೆ, ನಾನು ಒಪ್ಕೊಂಡುಬಿಟ್ಟಿದೀನಿ ಅಂತ. ಅಯ್ಯೋ ದೇವರೇ ಅನ್ನೋಷ್ಟರಲ್ಲಿ ಬಾಗಿಲು ಮುಚ್ಕೊಳ್ಳುತ್ತೆ.

ಯಾಕೆ ಹೇಳಿದ್ಲು ಅನ್ನೋಕೆ ಪ್ರೀತಿ ಅಂತ ಒಂದೇ ಪದದ ಉತ್ತರ ಕೊಡಬಹುದು, ಆದ್ರೆ ನಟಿಗೆ ಅದು ಸಾಲಲ್ಲ. ಆ ಏಳು ತಿಂಗಳು ಅವಳು ಮನೇಲಿ ಗಂಡನ ನ್ಯಾಯಾಧೀಶಳಾಗಿದ್ದೋಳು. ಎರಡನೇ ಅಂಕದಲ್ಲಿ ಅವನು ಅದನ್ನೇ ಹೇಳಿ ಕೂಗಾಡ್ತಾನೆ, ನಿನ್ನ ಮನಸ್ಸಿನ ಕೋರ್ಟಿಂದ ನನಗೆ ಯಾವತ್ತು ಬಿಡುಗಡೆ ಅನ್ನೋ ಅರ್ಥದಲ್ಲಿ. ಈಗ ನಿಜವಾದ ಕೋರ್ಟು ಅವಳನ್ನ ಕೇಳ್ತಿದೆ, ನಿನ್ನ ಗಂಡ ತಪ್ಪಿತಸ್ಥನಾ ಅಂತ. ಮನೇಲಿ ಪ್ರತಿದಿನ ಹೌದು ಅಂತಿದ್ದೋಳು ಇಲ್ಲಿ ಇಲ್ಲ ಅಂತಾಳೆ. ಅವಳು ಅವನನ್ನ ಕ್ಷಮಿಸಿದ್ದು ಆ ಕ್ಷಣದಲ್ಲಿ ಅಂತ ನಾನು ನಂಬಿದೀನಿ, ಆದ್ರೆ ಆ ಕ್ಷಮೆಯೇ ಅವನನ್ನ ಮುಳುಗಿಸುತ್ತೆ, ಯಾಕಂದ್ರೆ ಅವಳು ಸತ್ಯ ಹೇಳಿದ್ರೆ ಅಬಿಗೇಲ್ ಸುಳ್ಳಿ ಅಂತ ಆಗ್ತಿತ್ತು, ಕೇಸೇ ಬಿದ್ದುಹೋಗ್ತಿತ್ತು. ನಾನು ನೋಡಿರೋ ನಾಟಕಗಳಲ್ಲಿ ಇದಕ್ಕಿಂತ ಕ್ರೂರವಾದ ದೃಶ್ಯ ಇನ್ನೊಂದಿಲ್ಲ.

ಇನ್ನು ತಣ್ಣಗಿನ ಹೆಂಗಸು ಅನ್ನೋ ವಿಷಯ. ಎರಡನೇ ಅಂಕ ಶುರುವಾಗೋದೇ ಅಡುಗೆ ಪಾತ್ರೆಯಿಂದ, ನೆನಪಿದ್ಯಾ? ಪ್ರಾಕ್ಟರ್ ಹೊಲದಿಂದ ಬರ್ತಾನೆ, ಅವಳು ಮಹಡೀಲಿ ಮಕ್ಕಳನ್ನ ಮಲಗಿಸ್ತಿರ್ತಾಳೆ, ಇವನು ಒಲೆ ಮೇಲಿನ ಪಾತ್ರೆಯಿಂದ ಒಂಚೂರು ರುಚಿ ನೋಡ್ತಾನೆ, ಸಪ್ಪೆ ಅನ್ಸುತ್ತೆ, ಚಿಟಿಕೆ ಉಪ್ಪು ಹಾಕಿ ಸುಮ್ನಾಗ್ತಾನೆ. ಆಮೇಲೆ ಊಟಕ್ಕೆ ಕೂತಾಗ ಉಪ್ಪು ಖಾರ ಚೆನ್ನಾಗಿ ಬಿದ್ದಿದೆ ಅಂತಾನೆ, ಅವಳ ಮುಖ ಕೆಂಪಾಗುತ್ತೆ, ತುಂಬಾ ಜತನದಿಂದ ಮಾಡ್ದೆ ಅಂತಾಳೆ. ತಣ್ಣಗಿನ ಹೆಂಗಸು ಒಂದು ಉಪ್ಪಿನ ಮಾತಿಗೆ ಹಾಗೆ ಕೆಂಪಾಗ್ತಾಳಾ ಹೇಳಿ! ಇಬ್ಬರೂ ಒಬ್ಬರನ್ನೊಬ್ಬರು ಖುಷಿಪಡಿಸೋಕೆ ಒದ್ದಾಡ್ತಿದಾರೆ, ಮಧ್ಯದಲ್ಲಿ ಆ ಹುಡುಗಿ ನಿಂತಿದಾಳೆ. ಕೊನೇ ಅಂಕದಲ್ಲಿ ಅವಳೇ ಹೇಳ್ಕೋತಾಳೆ ನನ್ನ ಮನೆ ತಣ್ಣಗಿತ್ತು ಅಂತ, ನಿಜ, ಆದ್ರೆ ಕಾರಣಾನೂ ಅಲ್ಲೇ ಕೊಡ್ತಾಳೆ, ನಾನು ನೋಡೋಕೆ ಸಾದಾ, ನನ್ನನ್ನ ಯಾರು ಪ್ರೀತಿಸ್ತಾರೆ ಅಂತ ಅಂದ್ಕೊಂಡಿದ್ದೆ, ಅದಕ್ಕೇ ನನ್ನ ಪ್ರೀತಿ ಹೇಗೆ ಹೇಳ್ಬೇಕು ಗೊತ್ತಾಗ್ಲಿಲ್ಲ ಅಂತ. ಅದು ಅವಳ ಭಯ. ಅದನ್ನ ಎತ್ಕೊಂಡು ಗಂಡ ತಪ್ಪು ಮಾಡಿದ್ದಕ್ಕೆ ಇವಳೇ ಹೊಣೆ ಅಂತ ವಿಮರ್ಶೆ ಬರೆಯೋರು ಆ ಉಪ್ಪಿನ ದೃಶ್ಯನ ಇನ್ನೊಮ್ಮೆ ಓದ್ಬೇಕು.

* * *

ಡ್ಯಾನ್‌ಫೋರ್ತ್ ಕೆಟ್ಟೋನಾ, ಅಥವಾ ಅವನಿಗೆ ನಿಜವಾಗ್ಲೂ ನಂಬಿಕೆ ಇತ್ತಾ?
ಓದುಗರು, ಠಾಣೆ

ನಂಬಿಕೆ ಇತ್ತು, ಮೂರನೇ ಅಂಕದ ತನಕ. ನಾಟಕದ ಲೆಕ್ಕದ ಪ್ರಕಾರ 400ರ ಹತ್ರ ಜನ ಜೈಲಲ್ಲಿ, 72 ಮರಣದಂಡನೆ ಅವನ ಸೈನಿಂದ. ನಾಲ್ಕನೇ ಅಂಕದಲ್ಲಿ ಅನುಮಾನ ಬರೋಕೆ ಎಲ್ಲಾ ಕಾರಣ ಇದೆ, ಅಬಿಗೇಲ್ ಓಡಿಹೋಗಿದಾಳೆ, ಪಕ್ಕದೂರಲ್ಲಿ ಜನ ಕೋರ್ಟಿನ ವಿರುದ್ಧ ತಿರುಗಿಬಿದ್ದಿದಾರೆ ಅನ್ನೋ ಸುದ್ದಿ ಇದೆ, ಆಗ ಅವನು ಹೇಳೋದು ಏನು ಗೊತ್ತಾ, ಇದೇ ತಪ್ಪಿಗೆ 12 ಜನರನ್ನ ಆಗ್ಲೇ ನೇಣಿಗೆ ಹಾಕಾಗಿದೆ, ಈಗ ಇವರನ್ನ ಬಿಟ್ರೆ ಅವರ ಗತಿ ಏನು ಅಂತ. ಈ ಪಾತ್ರ ಮಾಡೋರು ಯಾರೇ ಇರ್ಲಿ, ದಯವಿಟ್ಟು ಮೀಸೆ ತಿರುವೋ ವಿಲನ್ ಮಾಡ್ಬೇಡಿ. ಆ 12ರ ಲೆಕ್ಕನ ಬೆನ್ನ ಮೇಲೆ ಹೊತ್ಕೊಂಡು ಓಡಾಡಿ. ನಿಜವಾದ ಕೋರ್ಟಿನ ಮುಖ್ಯ ನ್ಯಾಯಾಧೀಶನಾಗಿದ್ದೋನು ವಿಲಿಯಂ ಸ್ಟೌಟನ್, ಅವನು ತಪ್ಪಾಯ್ತು ಅಂತ ಹೇಳಲೇ ಇಲ್ಲ. ಅದೇ ಪೀಠದಲ್ಲಿ ಕೂತಿದ್ದ ಸ್ಯಾಮ್ಯುಯೆಲ್ ಸೀವಾಲ್ 1697ರಲ್ಲಿ ಚರ್ಚಲ್ಲಿ ಎಲ್ಲರೆದುರು ಎದ್ದು ನಿಂತು, ತನ್ನ ತಪ್ಪೊಪ್ಪಿಗೆಯನ್ನ ಪಾದ್ರಿ ಓದೋ ತನಕ ನಿಂತೇ ಇದ್ದ. ಒಂದೇ ಕೋರ್ಟು, ಇಬ್ಬರು ಮನುಷ್ಯರು.

* * *

ಮೇಡಂ, ಟಿಟೂಬಾಗೆ ಇರೋದು ಸ್ವಲ್ಪ ಡೈಲಾಗು. ಹೆದರಿ ಹೆಸರು ಹೇಳ್ತಾಳೆ ಅನ್ನೋದು ಬಿಟ್ರೆ ಅವಳಲ್ಲಿ ಮಾಡೋಕೆ ಏನಿದೆ?
ಓದುಗಿ, ಅಂಧೇರಿ

ಬಹಳ ಇದೆ. ಪುಸ್ತಕ ತೆಗೆದು ಆ ಪುಟ ನಿಧಾನವಾಗಿ ಓದಿ, ಸಾರಾ ಗುಡ್, ಆಸ್‌ಬರ್ನ್ ಅನ್ನೋ ಹೆಸರು ಮೊದಲು ಯಾರ ಬಾಯಿಂದ ಬರುತ್ತೆ ಅಂತ ನೋಡಿ. ಊರಿನ ಜಮೀನ್ದಾರ ಪುಟ್ನಮ್ ಕೇಳ್ತಾನೆ, ಸೈತಾನನ ಜೊತೆ ಸಾರಾ ಗುಡ್‌ನ ನೋಡಿದ್ಯಾ, ಆಸ್‌ಬರ್ನ್‌ನ ನೋಡಿದ್ಯಾ ಅಂತ. ಟಿಟೂಬಾ ಆಮೇಲೆ ಅದೇ ಎರಡು ಹೆಸರು ಹೇಳ್ತಾಳೆ. ತಕ್ಷಣ ಪುಟ್ನಮ್ ಹೆಂಡತಿ, ಹೌದು ನನಗೆ ಗೊತ್ತಿತ್ತು, ನನ್ನ ಮೂರು ಹೆರಿಗೆಗೆ ಆಸ್‌ಬರ್ನ್ ಸೂಲಗಿತ್ತಿಯಾಗಿ ಬಂದಿದ್ಲು ಅಂತಾಳೆ. ಆ ತಾಯಿಗೆ ಏಳು ಕೂಸು ಸತ್ತಿದೆ, ಯಾಕೆ ಸತ್ವು ಅನ್ನೋಕೆ ಯಾರ ಹತ್ರಾನೂ ಉತ್ತರ ಇರಲಿಲ್ಲ, ಈಗ ಒಂದು ಉತ್ತರ ಸಿಕ್ತು. ಅವಳನ್ನ ಬೈಯೋಕೆ ನನಗೆ ಮನಸ್ಸೇ ಬರಲ್ಲ.

ಟಿಟೂಬಾಗೆ ವಾಪಸ್ ಬರೋಣ. ಸೈತಾನ ನಿನಗೆ ಏನು ಹೇಳ್ದ ಅಂತ ಕೇಳಿದಾಗ ಅವಳು ಹೇಳೋದು ಕೇಳಿ, ಪ್ಯಾರಿಸ್‌ನ ಕೊಲ್ಲು ಅಂದ, ಪ್ಯಾರಿಸ್ ಕೆಟ್ಟ ಮನುಷ್ಯ, ಎದ್ದು ಅವನ ಕತ್ತು ಕೊಯ್ಯಿ ಅಂದ, ನಾನೇ ಬೇಡ ಅಂದೆ ಅಂತ. ಪ್ಯಾರಿಸ್ ಅವಳ ಯಜಮಾನ, ಅಲ್ಲೇ ಎದುರಿಗೇ ನಿಂತಿದಾನೆ! ವರ್ಷಗಟ್ಟಲೆ ನುಂಗಿಕೊಂಡಿದ್ದನ್ನ ಸೈತಾನನ ಹೆಸರಲ್ಲಿ ಮುಖಕ್ಕೇ ಹೇಳೋ ಅವಕಾಶ ಅವಳಿಗೆ ಸಿಕ್ತು. ನಮ್ಮ ಕಡೆ ಮೈಮೇಲೆ ಬಂದಾಗ ಸೊಸೆಯಂದಿರು ಅತ್ತೆಗೆ ಏನೇನು ಹೇಳ್ತಾರೆ ಅಂತ ನೋಡಿದ್ರೆ ನಿಮಗೆ ಇದನ್ನ ನಾನು ಬಿಡಿಸಿ ಹೇಳೋದು ಬೇಡ. ಅಲ್ಲಿ ಭಯ ಇದೆ, ಭಯದ ಒಳಗೆ ಸಿಟ್ಟಿದೆ, ಸಿಟ್ಟು ಹೊರಗೆ ಬಂದ ಮೇಲೆ ಒಂದು ಸುಖಾನೂ ಇದೆ, ಮೂರನ್ನೂ ಮಾಡಿ. ನಿಜವಾದ ಟಿಟೂಬಾ ಒಪ್ಕೊಂಡಿದ್ದರಿಂದ ನೇಣಿಗೆ ಹೋಗ್ಲಿಲ್ಲ, ಆದ್ರೆ ಜೈಲಿನ ಖರ್ಚು ಕೈದಿಗಳೇ ಕೊಡ್ಬೇಕಿತ್ತು, ಅವಳದ್ದನ್ನ ಕಟ್ಟೋರಿಲ್ಲದೆ ವರ್ಷದ ಮೇಲೂ ಒಳಗೇ ಇದ್ಲು.

* * *

ನಾವು ಈ ನಾಟಕನ ಸೇಲಂನಿಂದ ತೆಗೆದು ನಮ್ಮ ಕಡೆಯ ಹಳ್ಳಿಗೆ ತಂದು, ಮಾಟ ಮದ್ದು ಅಂತ ಬದಲಾಯಿಸಿ ಮಾಡಿದ್ರೆ ಹೇಗೆ? ಜನಕ್ಕೆ ಬೇಗ ತಟ್ಟುತ್ತಲ್ವಾ?
ಓದುಗರು, ಮಡಗಾಂವ್

ಆಸೆ ನನಗೆ ಅರ್ಥ ಆಗುತ್ತೆ. ಮಾಟಗಾತಿ ಅಂತ ಹೆಂಗಸರನ್ನ ಹೊಡೆಯೋದು ನಮ್ಮ ದೇಶದಲ್ಲಿ ಮುಗಿದ ಕಥೆ ಅಲ್ಲ, ಮಹಾರಾಷ್ಟ್ರದಲ್ಲಿ ಇದಕ್ಕೋಸ್ಕರ ಕಾಯ್ದೆ ಬರಬೇಕಾಯ್ತು, ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಬೆಳಗಿನ ವಾಕಿಂಗ್ ಹೊತ್ತಲ್ಲಿ ಗುಂಡಿಟ್ಟು ಕೊಂದ ಮೇಲೇ ಆ ಕಾಯ್ದೆ ಬಂತು. ಆದ್ರೂ ನಾನು ಬೇಡ ಅಂತೀನಿ, ಕಾರಣ ಪಾತ್ರಗಳ ಒಳಗೇ ಇದೆ. ನಮ್ಮ ಕಡೆ ಒಬ್ಬ ಹೆಂಗಸನ್ನ ಮಾಟಗಾತಿ ಅಂದ್ರೆ ಅವಳು ಒಪ್ಕೊಂಡ್ರೆ ಇನ್ನೂ ಎರಡು ಏಟು ಜಾಸ್ತಿ ಬೀಳುತ್ತೆ. ಸೇಲಂನಲ್ಲಿ ಒಪ್ಕೊಂಡ್ರೆ ಜೀವ ಉಳಿಯುತ್ತೆ. ಆ ಒಂದು ವ್ಯತ್ಯಾಸದ ಮೇಲೇ ಇಡೀ ನಾಟಕ ನಿಂತಿರೋದು, ಅಬಿಗೇಲ್ ಮುಂದೆ ಬರೋದು, ಪ್ರಾಕ್ಟರ್ ಸೈನ್ ಹಾಕೋದು, ಹರಿಯೋದು, ಪಾದ್ರಿ ಹೇಲ್ ಕೊನೇಲಿ ಜೈಲಿಗೆ ಬಂದು ದಯವಿಟ್ಟು ಸುಳ್ಳು ಹೇಳಿ ಬದುಕಿ ಅಂತ ಬೇಡ್ಕೊಳ್ಳೋದು, ಎಲ್ಲ. ಅದನ್ನ ತೆಗೆದ್ರೆ ಪ್ರಾಕ್ಟರ್‌ಗೆ ಆಯ್ಕೆಯೇ ಇರಲ್ಲ, ಆಯ್ಕೆ ಇಲ್ಲದ ಮೇಲೆ ಯಾಕೆ ಮಾಡ್ದ ಅನ್ನೋ ಪ್ರಶ್ನೆನೂ ಇರಲ್ಲ. ಹೆಸರು ಸೇಲಂ ಅಂತಲೇ ಇರ್ಲಿ, ಮಾತು ಮಾತ್ರ ನಿಮ್ಮೂರಿನ ಕನ್ನಡ ಇರ್ಲಿ. ನಮ್ಮ ಹಳ್ಳಿ ಕಥೆ ಮಾಡೋ ಆಸೆ ಇದ್ರೆ ಅದನ್ನ ಹೊಸದಾಗಿ ಬರೀರಿ, ನಾನು ಓದ್ತೀನಿ.

* * *

ಅಕ್ಕಾ, ನಾನು ಮೇರಿ ವಾರೆನ್ ಪಾತ್ರ ಮಾಡ್ತಿದೀನಿ, ಆ ಹುಡುಗೀರಲ್ಲೊಬ್ಬಳು. ಸತ್ಯ ಹೇಳೋಕೆ ಅಂತ ಕೋರ್ಟಿಗೆ ಬಂದೋಳು ಕೊನೆಗೆ ಪ್ರಾಕ್ಟರ್ ಮೇಲೇ ಹೊರಿಸ್ತಾಳಲ್ಲ, ಆ ತಿರುವು ನನಗೆ ಬರ್ತಾನೇ ಇಲ್ಲ. ಜೋರಾಗಿ ಕಿರುಚಿದ್ರೆ ಎಲ್ಲರೂ ಚೆನ್ನಾಗಿದೆ ಅಂತಾರೆ, ನನಗೆ ಸಮಾಧಾನ ಇಲ್ಲ.
ಓದುಗಿ, ಡೊಂಬಿವಲಿ

ಕಿರುಚೋದಕ್ಕಿಂತ ಸ್ವಲ್ಪ ಹಿಂದೆ ಹೋಗು. ಅದಕ್ಕೂ ಮುಂಚೆ ಕೋರ್ಟಲ್ಲಿ ಅವಳಿಗೆ ಒಂದು ಪರೀಕ್ಷೆ ಇಡ್ತಾರೆ, ನೀನು ಮೂರ್ಛೆ ಹೋಗಿದ್ದು ನಟನೆ ಅಂದ್ಯಲ್ಲ, ಹಾಗಿದ್ರೆ ಈಗ ಇಲ್ಲೇ ಮೂರ್ಛೆ ಹೋಗಿ ತೋರ್ಸು ಅಂತ. ಅವಳಿಗೆ ಆಗಲ್ಲ. ಯಾಕೆ ಆಗಲ್ಲ ಅಂತ ಅವಳಿಗೇ ಗೊತ್ತಿಲ್ಲ, ಆಗ ಬೇರೆ ಹುಡುಗೀರು ಕಿರುಚ್ತಿದ್ರು, ಜನ ನೋಡ್ತಿದ್ರು, ನನಗೂ ದೆವ್ವ ಕಂಡ ಹಾಗೆ ಆಯ್ತು ಅಂತ ತಡವರಿಸ್ತಾಳೆ. ಅಂದ್ರೆ ಗುಂಪಿಲ್ಲದೆ ಅವಳಿಂದ ಸುಳ್ಳೂ ಆಗಲ್ಲ, ಸತ್ಯಾನೂ ಆಗಲ್ಲ, ಈ ಹುಡುಗಿ ಜೀವನದಲ್ಲಿ ಒಬ್ಬಳೇ ನಿಂತಿದ್ದು ಇದೇ ಮೊದಲ ಸಲ. ಆಮೇಲೆ ಅಬಿಗೇಲ್, ಅಗೋ ತೊಲೆ ಮೇಲೆ ಹಳದಿ ಹಕ್ಕಿ ಕೂತಿದೆ ಅಂತ ಶುರು ಮಾಡ್ತಾಳೆ, ಹುಡುಗೀರೆಲ್ಲ ಮೇರಿ ಹೇಳಿದ ಪ್ರತಿ ಮಾತನ್ನ ತಿರುಗಿ ಅವಳಿಗೇ ಹೇಳ್ತಾರೆ. ನಿಲ್ಲಿಸಿ ಅಂದ್ರೆ ನಿಲ್ಲಿಸಿ ಅಂತಾರೆ. ಪ್ರಾಕ್ಟರ್ ಹತ್ರ ಹೋದ್ರೆ ಸಿಗೋದು ಸತ್ಯ, ಜೊತೆಗೆ ನೇಣು. ಆ ಕಡೆ ಹೋದ್ರೆ ಗೆಳತೀರು, ಜೊತೆಗೆ ಜೀವ.

ಒಂದು ಕೆಲಸ ಮಾಡಿ, ಮುಂದಿನ ರಿಹರ್ಸಲ್‌ನಲ್ಲಿ ಈ ದೃಶ್ಯನ ಯಾರೂ ದನಿ ಎತ್ತದೆ ಆಡಿ. ಹುಡುಗೀರೆಲ್ಲ ಪಿಸುಮಾತಲ್ಲೇ ನಿನ್ನ ಮಾತನ್ನ ತಿರುಗಿ ಹೇಳ್ಲಿ, ಹಕ್ಕಿ ಅಂತ ಅಬಿಗೇಲ್ ತೋರ್ಸೋ ಜಾಗ ಎಲ್ಲರಿಗೂ ಒಂದೇ ಇರ್ಲಿ, ಟ್ಯೂಬ್‌ಲೈಟಿನ ಎಡಗಡೆ ತುದಿ ಅಂತ ಮೊದಲೇ ಗೊತ್ತು ಮಾಡ್ಕೊಳ್ಳಿ, ಎಲ್ಲರ ಕಣ್ಣೂ ಅಲ್ಲಿಗೇ ಹೋಗ್ಲಿ. ನೀನು ಮಾತ್ರ ನೋಡಬೇಡ, ಎಷ್ಟು ಹೊತ್ತು ಆಗುತ್ತೋ ಅಷ್ಟು ಹೊತ್ತು ಪ್ರಾಕ್ಟರ್ ಮುಖಾನೇ ನೋಡ್ತಾ ತಡ್ಕೋ. ಇನ್ನು ಆಗಲ್ಲ ಅಂತ ಕುತ್ತಿಗೆ ತಾನಾಗೇ ಮೇಲೆ ಎತ್ತುತ್ತಲ್ಲ, ಆವಾಗ ಆ ಡೈಲಾಗ್ ಹೇಳು. ಬಂತೋ ಇಲ್ವೋ ನನಗೆ ಬರೆದು ತಿಳಿಸು.